ಪಟ್ಟೆ ಹುಲ್ಲು ನೆಡಬಹುದೇ? ನೆಡಿ, ಆದರೆ ಮೊದಲು ರಿಂಗ್ ಇಳಿಸಿ

ಪ್ರಶ್ನೆ: ನಮ್ಮದು ಬನಶಂಕರಿ 3ನೇ ಹಂತದಲ್ಲಿ 30×40 ಸೈಟಿನ ಮನೆ. ಗೇಟಿನ ಪಕ್ಕ ನಾಲ್ಕಡಿ ಅಗಲ, ಹತ್ತಡಿ ಉದ್ದದ ಮಣ್ಣಿನ ಜಾಗವಿದೆ, ಒಳ್ಳೆಯ ಬಿಸಿಲು. ಹೋದ ತಿಂಗಳು ನರ್ಸರಿಯೊಂದರಲ್ಲಿ ಬಿಳಿ ಪಟ್ಟೆಯ ಎತ್ತರದ ಹುಲ್ಲೊಂದನ್ನು ನೋಡಿ ಮನಸೋತು ತಂದೆ. ‘ರಿಬ್ಬನ್ ಗ್ರಾಸ್ ಮೇಡಂ, ಒಂದು ನೆಟ್ರೆ ಸಾಕು, ತಾನೇ ಹಬ್ಕೊಳ್ಳುತ್ತೆ’ ಅಂದರು. ಜೋಳದ ಗರಿಯಂಥ ಅಗಲ ಎಲೆ, ಅಂಚಿಗೆ ಕೆನೆಬಣ್ಣ. ಫೋಟೊ ಕಳಿಸಿದ್ದೇನೆ. ಪಕ್ಕದ ಮನೆಯವರು ಮಾತ್ರ ‘ಅದು ಕಾಂಪೌಂಡ್ ದಾಟಿ ನಮ್ಮ ಕಡೆ ಬರುತ್ತೆ, ಸಂಪಿಗೂ ನುಗ್ಗುತ್ತೆ, ಹಾವೂ ಸೇರ್ಕೊಳ್ಳುತ್ತೆ’ ಎನ್ನುತ್ತಾರೆ. ಹೀಗಾಗಿ ಗಿಡ ಇನ್ನೂ ಕವರಿನಲ್ಲೇ ಇದೆ. ನೆಡಬಹುದೇ? ಅಪಾರ್ಟ್‌ಮೆಂಟುಗಳ ಮುಂದೆ ನರಿಬಾಲದಂಥ ಗುಲಾಬಿ ತೆನೆಯ ಹುಲ್ಲು ಕಾಣುತ್ತದಲ್ಲ, ಅದನ್ನೂ ಜೊತೆಗೆ ಹಾಕುವ ಆಸೆ. ಹಾಸನದ ಕಡೆ ತಂಗಿಯ ತೋಟಕ್ಕೂ ಒಂದು ಮರಿ ಕಳಿಸೋಣವೆಂದಿದ್ದೇನೆ. ಅವರ ತೋಟದ ಪಕ್ಕದಲ್ಲೇ ಹಳ್ಳ ಹರಿಯುತ್ತದೆ.

ಉತ್ತರ: ನಿಮ್ಮ ಪಕ್ಕದ ಮನೆಯವರ ಭಯದಲ್ಲಿ ಅರ್ಧಕ್ಕಿಂತ ಹೆಚ್ಚು ನಿಜವಿದೆ. ಹಾಗಿದ್ದೂ ನೆಡಬೇಡಿ ಎಂದು ನಾನು ಹೇಳುವುದಿಲ್ಲ. ಯಾವುದೇ ಹಬ್ಬುವ ಹುಲ್ಲಿನ ಬಗ್ಗೆ ಕೇಳಬೇಕಾದ ಮೊದಲ ಮಾತು ‘ಹಬ್ಬುತ್ತದೆಯೇ’ ಎಂಬುದಲ್ಲ, ‘ಯಾವುದರಿಂದ ಹಬ್ಬುತ್ತದೆ’ ಎಂಬುದು. ಮಣ್ಣಿನೊಳಗೆ ಗೆಡ್ಡೆ ಚಾಚಿ ಹಬ್ಬುವುದನ್ನು ಗೋಡೆ ಕಟ್ಟಿ ನಿಲ್ಲಿಸಬಹುದು. ಗಾಳಿಗೆ ಬೀಜ ತೂರಿ ಹಬ್ಬುವುದಕ್ಕೆ ಯಾರೂ ಗೋಡೆ ಕಟ್ಟಲಾರರು. ನೀವು ತಂದಿರುವುದು ಮೊದಲನೆಯ ಜಾತಿಯದು. ಆಸೆಪಡುತ್ತಿರುವ ಗುಲಾಬಿ ತೆನೆಯ ಹುಲ್ಲು ಎರಡನೆಯದು. ಹಾಗಾಗಿ ಒಂದಕ್ಕೆ ಹೂಂ, ಇನ್ನೊಂದಕ್ಕೆ ಬೇಡ.

ಮೊದಲು ಹೆಸರು ಸರಿಮಾಡಿಕೊಳ್ಳೋಣ. ನಮ್ಮ ನರ್ಸರಿಗಳಲ್ಲಿ ‘ರಿಬ್ಬನ್ ಗ್ರಾಸ್’ ಎಂದು ಕೇಳಿದರೆ ಮೂರು ನಾಲ್ಕು ಬೇರೆ ಬೇರೆ ಗಿಡ ಸಿಗುತ್ತವೆ. ಪುಸ್ತಕದ ಪ್ರಕಾರ ಆ ಹೆಸರು ಫ್ಯಾಲಾರಿಸ್ ಅರುಂಡಿನೇಸಿಯಾದ ಪಟ್ಟೆ ತಳಿಯದು. ಅದು ಚಳಿದೇಶದ ಹುಲ್ಲು. ಎಲೆ ಬೆರಳಗಲ, ಎತ್ತರ ಹೆಚ್ಚೆಂದರೆ ಸೊಂಟದವರೆಗೆ. ಬಿಸಿ ಸೀಮೆಯಲ್ಲಿ ಬೇಸಿಗೆ ಬಂತೆಂದರೆ ಸೊರಗುತ್ತದೆ. ಕೆಲವರು ಸ್ಪೈಡರ್ ಪ್ಲಾಂಟ್ ಎಂಬ ಕ್ಲೋರೋಫೈಟಮ್ಮನ್ನೂ ಇದೇ ಹೆಸರಿನಲ್ಲಿ ಮಾರುತ್ತಾರೆ. ಅದು ಹುಲ್ಲೇ ಅಲ್ಲ. ಕಿತ್ತು ನೋಡಿದರೆ ಮೂಲಂಗಿ ಮರಿಯಂಥ ದಪ್ಪ ಬಿಳಿ ಬೇರು ಇರುತ್ತದೆ. ತೂಗುಕುಂಡದಿಂದ ಇಳಿಬೀಳುವ ಪುಟ್ಟ ಪಟ್ಟೆ ಹುಲ್ಲು ಮತ್ತೊಂದು, ಅದು ಸ್ಟೆನೋಟಾಫ್ರಮ್. ನೆಲದ ಮೇಲೆ ಬಳ್ಳಿಯಂತೆ ಓಡುತ್ತದೆ. ಕತ್ತರಿ ಹಿಡಿದರೆ ಹೇಳಿದ ಮಾತು ಕೇಳುತ್ತದೆ, ಅದರ ಬಗ್ಗೆ ಚಿಂತೆ ಬೇಕಿಲ್ಲ.

ನಿಮ್ಮ ಫೋಟೊದಲ್ಲಿರುವುದು ಇವು ಯಾವುದೂ ಅಲ್ಲ. ಎಲೆ ಎರಡು ಇಂಚಿನಷ್ಟು ಅಗಲವಿದೆ. ದಂಟಿನ ಎಡಕ್ಕೊಂದು ಬಲಕ್ಕೊಂದು ಜೋಳದ ಗಿಡದ ಹಾಗೆ ಜೋಡಣೆಯಾಗಿದೆ. ಎಲೆಯ ಬುಡ ದಂಟನ್ನು ಅಪ್ಪಿ ಹಿಡಿದಿದೆ. ಇದು ಆರುಂಡೊ ಡೊನ್ಯಾಕ್ಸ್ ಎಂಬ ದೊಡ್ಡ ಜೊಂಡಿನ ಪಟ್ಟೆ ತಳಿ. ಪಟ್ಟೆಜೊಂಡು ಎನ್ನೋಣ. ಕ್ಲಾರಿನೆಟ್, ಓಬೊ, ಸ್ಯಾಕ್ಸೊಫೋನುಗಳ ಬಾಯಿಗೆ ಇಡುವ ‘ರೀಡ್’ ಎಂಬ ತೆಳುಪಟ್ಟಿಯನ್ನು ಮಾಡುವುದು ಈ ಜೊಂಡಿನ ಹಸಿರು ಮೂಲಜಾತಿಯ ದಂಟಿನಿಂದಲೇ. ದಕ್ಷಿಣ ಫ್ರಾನ್ಸಿನ ವಾರ್ ಪ್ರಾಂತದಲ್ಲಿ ಅದಕ್ಕಾಗಿಯೇ ಬೆಳೆಯುತ್ತಾರೆ. ನಮ್ಮ ನಾಗಸ್ವರದ ಸೀವಾಳಿಯೂ ಕಾವೇರಿ ದಂಡೆಯ ಇಂಥದೇ ಜೊಂಡಿನಿಂದ ಆಗುವಂಥದ್ದು. ಮದುವೆ ಮನೆಯಲ್ಲಿ ಗಟ್ಟಿಮೇಳ ಕೇಳುವಾಗಲೆಲ್ಲ ನನಗೆ ಈ ಹುಲ್ಲಿನ ನೆನಪಾಗುತ್ತದೆ. ಮನುಷ್ಯನಿಗೆ ಇಷ್ಟು ಉಪಕಾರ ಮಾಡಿದ ಗಿಡದ ಮೇಲೆ ನನಗೆ ಗೌರವವಿದೆ.

ಗೌರವದ ಜೊತೆ ಎಚ್ಚರವೂ ಇದೆ. ಹಸಿರು ಮೂಲಜಾತಿ ಇಪ್ಪತ್ತು ಅಡಿಯವರೆಗೆ ಬೆಳೆಯುತ್ತದೆ. ನೀರು ಬಿಸಿಲು ಚೆನ್ನಾಗಿದ್ದರೆ ದಿನಕ್ಕೆ ಎರಡು ಮೂರು ಇಂಚು ಏರುವುದೂ ಉಂಟು. ಜಗತ್ತಿಗೆ ಅತಿ ಹೆಚ್ಚು ತೊಂದರೆ ಕೊಟ್ಟ 100 ಆಕ್ರಮಣಕಾರಿ ಜೀವಿಗಳ ಪಟ್ಟಿಯೊಂದನ್ನು ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟ ಮಾಡಿದೆ. ಲಂಟಾನ, ಕೆರೆಯ ಅಂತರಗಂಗೆಗಳ ಸಾಲಿನಲ್ಲಿ ಈ ಜೊಂಡಿನ ಹೆಸರೂ ಅದರಲ್ಲಿದೆ. ಕ್ಯಾಲಿಫೋರ್ನಿಯಾದಲ್ಲಿ 19ನೇ ಶತಮಾನದ ಆರಂಭದಲ್ಲಿ ಕಾಲುವೆ ದಂಡೆಯ ಮಣ್ಣು ಕೊಚ್ಚಿಹೋಗದಿರಲಿ ಎಂದು ನೆಟ್ಟರು. ಈಗ ಅಲ್ಲಿನ ನದಿಪಾತ್ರಗಳಿಂದ ಅದನ್ನು ಕಿತ್ತೊಗೆಯಲು ಹೆಣಗುತ್ತಿದ್ದಾರೆ. ಟೆಕ್ಸಾಸಿನ ರಿಯೊ ಗ್ರಾಂಡೆ ನದಿಯ ದಡದಲ್ಲಂತೂ ಈ ಜೊಂಡನ್ನು ಹದ್ದುಬಸ್ತಿನಲ್ಲಿಡಲೆಂದೇ ಮೆಡಿಟರೇನಿಯನ್ ಸೀಮೆಯ ಪುಟ್ಟ ಕಣಜವೊಂದನ್ನು 2009ರಲ್ಲಿ ಬಿಡಬೇಕಾಯಿತು.

ಕುತೂಹಲದ ಸಂಗತಿಯೆಂದರೆ, ಇಷ್ಟೆಲ್ಲ ಹಬ್ಬಿದ್ದು ಬೀಜದಿಂದಲ್ಲ. ಹೊರನಾಡುಗಳಿಗೆ ಹೋದಲ್ಲೆಲ್ಲ ಈ ಹುಲ್ಲು ತೆನೆ ಬಿಡುತ್ತದೆ, ಆದರೆ ಮೊಳೆಯುವ ಬೀಜ ಕಟ್ಟುವುದಿಲ್ಲ. ಹಬ್ಬುವುದು ಎರಡೇ ದಾರಿಯಲ್ಲಿ. ಒಂದು, ಶುಂಠಿಯಂತೆ ಮಣ್ಣೊಳಗೆ ಅಡ್ಡಡ್ಡ ಹೋಗುವ ಗೆಡ್ಡೆ. ಇನ್ನೊಂದು, ಮುರಿದು ಬಿದ್ದ ತುಂಡು. ಗಿಣ್ಣಿರುವ ದಂಟಿನ ತುಂಡು ಒದ್ದೆ ಮಣ್ಣಿಗೆ ಬಿದ್ದರೆ ಗಿಣ್ಣಿನಲ್ಲಿ ಬೇರು ಬಿಟ್ಟು ಹೊಸ ಗಿಡವಾಗುತ್ತದೆ, ಥೇಟ್ ಕಬ್ಬಿನ ಬಿತ್ತನೆ ತುಂಡಿನ ಹಾಗೆ. ನೆರೆ ಬಂದಾಗ ನದಿ ಈ ತುಂಡುಗಳನ್ನು ಹೊತ್ತುಕೊಂಡು ಹೋಗಿ ಕೆಳಗಿನ ದಂಡೆಯಲ್ಲೆಲ್ಲ ತಾನೇ ನಾಟಿ ಮಾಡಿತು. ಆದ್ದರಿಂದ ನಿಮ್ಮ ಮನೆಯಲ್ಲಿ ಇದನ್ನು ಬೆಳೆಸುವ ವಿದ್ಯೆ ಎರಡೇ ಕೆಲಸದ್ದು: ಗೆಡ್ಡೆಗೆ ಗೋಡೆ ಕಟ್ಟುವುದು, ತುಂಡು ನೀರಿಗೆ ಬೀಳದಂತೆ ನೋಡಿಕೊಳ್ಳುವುದು. ನೀರು ಗೊಬ್ಬರದ ಮಾತೆಲ್ಲ ಇವುಗಳ ನಂತರದ್ದು.

ಗೆಡ್ಡೆಯ ವಿಷಯದಲ್ಲಿ ನನ್ನದೇ ಒಂದು ತಪ್ಪು ಹೇಳುತ್ತೇನೆ. ಹಲವು ವರ್ಷಗಳ ಹಿಂದೆ, ಬಾಡಿಗೆ ಮನೆಯಲ್ಲಿದ್ದಾಗ, ಇದೇ ಪಟ್ಟೆಜೊಂಡನ್ನು ಹಿತ್ತಲಿನ ಮೂಲೆಯಲ್ಲಿ ನೇರ ನೆಲಕ್ಕೆ ನೆಟ್ಟೆ. ಮೊದಲ ವರ್ಷ ನಾಲ್ಕೈದು ದಂಟು ಬಂದವು, ಅಷ್ಟೇ. ಪಾಪದ ಗಿಡ ಎಂದುಕೊಂಡೆ. ಎರಡನೆಯ ವರ್ಷ ಪೊದೆಯಾಯಿತು. ಮೂರನೆಯ ಮಳೆಗಾಲದಲ್ಲಿ ಗೋಡೆಯಾಚೆಯ ಅಜ್ಜಿ ಬಂದು, ತಮ್ಮ ಕನಕಾಂಬರದ ಸಾಲಿನ ನಡುವೆ ಏನೋ ಬಿದಿರು ಮೊಳಕೆ ಬಂದಿದೆ, ನೋಡು ಬಾ ಎಂದರು. ಹೋಗಿ ನೋಡಿದರೆ ಬಿದಿರಲ್ಲ, ನನ್ನ ಜೊಂಡು. ಸೈಜುಗಲ್ಲಿನ ತಳಪಾಯದ ಸಂದಿಯಲ್ಲಿ ತೂರಿ ಅವರ ಪಾತಿಯ ಕೆಳಗೆ ಬಂದಿತ್ತು. ಎರಡು ಭಾನುವಾರ ಅಗೆದೆ. ಅಜ್ಜಿಯ ಕನಕಾಂಬರದ ಬುಡಗಳು ನನ್ನ ಸಲಿಕೆಗೆ ಸಿಕ್ಕಿ ಹೋದವು. ನನಗೆ ಈಗಲೂ ಅದರ ನೋವಿದೆ. ಅಷ್ಟಾದರೂ ಎರಡಿಂಚಿನ ತುಂಡುಗಳು ಮಣ್ಣಲ್ಲಿ ಉಳಿದೇ ಇದ್ದವು. ಹದಿನೈದು ದಿನಕ್ಕೊಮ್ಮೆ ಹೋಗಿ, ಗೇಣುದ್ದ ಬಂದ ಮೊಳಕೆಯನ್ನೆಲ್ಲ ಕತ್ತರಿಸುತ್ತ ಬಂದೆ. ಗೆಡ್ಡೆಯಲ್ಲಿ ಕೂಡಿಟ್ಟ ಪಿಷ್ಟ ತೀರುವವರೆಗೆ ಅದು ಚಿಗುರುತ್ತಲೇ ಇರುತ್ತದೆ. ಎಲೆ ಬಿಚ್ಚಲು ಬಿಡದಿದ್ದರೆ ಹೊಸ ಪಿಷ್ಟ ಹುಟ್ಟುವುದಿಲ್ಲ, ಕೊನೆಗೆ ಬರಿದಾಗಿ ಸಾಯುತ್ತದೆ. ಪೂರ್ತಿ ನಿಲ್ಲಲು ಹೆಚ್ಚುಕಡಿಮೆ ಎರಡು ವರ್ಷ ಬೇಕಾಯಿತು. ಈಗಾಗಲೇ ನೆಲಕ್ಕೆ ನೆಟ್ಟು ಒದ್ದಾಡುತ್ತಿರುವವರು ಯಾರಾದರೂ ಇದನ್ನು ಓದುತ್ತಿದ್ದರೆ, ಔಷಧ ಹೊಡೆಯುವ ಮೊದಲು ಇದೇ ದಾರಿ ಹಿಡಿಯಿರಿ. ತಾಳ್ಮೆ ಬೇಕು, ಆದರೆ ಅಕ್ಕಪಕ್ಕದ ಗಿಡ ಉಳಿಯುತ್ತದೆ.

ಈ ಕಥೆಯಲ್ಲಿ ನಿಮ್ಮ ನೆರೆಯವರ ಪ್ರಶ್ನೆಗೂ ಉತ್ತರವಿದೆ. ಗೆಡ್ಡೆ ಗಟ್ಟಿ ಕಾಂಕ್ರೀಟನ್ನು ಒಡೆಯುವುದಿಲ್ಲ. ಸಂದಿ ಇದ್ದರೆ ಬಿಡುವುದಿಲ್ಲ. ಚೆನ್ನಾಗಿ ಎರಕ ಹಾಕಿದ ಆರ್‌ಸಿಸಿ ಸಂಪಿಗೆ ಭಯವಿಲ್ಲ. ಇಟ್ಟಿಗೆಯ ಹಳೆಯ ಸಂಪು, ಬಿರುಕು ಬಿಟ್ಟ ಒಳಚರಂಡಿ (ಯುಜಿಡಿ) ಚೇಂಬರು, ಒಳಚರಂಡಿ ಪೈಪಿನ ಸಡಿಲ ಜೋಡಣೆ, ಮಳೆನೀರು ಇಂಗುಗುಂಡಿ, ಇವುಗಳಿಗೆ ಭಯವಿದೆ. ತೇವ ಇರುವತ್ತಲೇ ಬೇರು ತಿರುಗುತ್ತದೆ. 1,200 ಚದರಡಿ ಸೈಟಿನ ಹೊಸ ಮನೆಗಳಿಗೂ ಮಳೆನೀರು ಕೊಯ್ಲು ಕಡ್ಡಾಯವಾದ ಮೇಲೆ, ಗೇಟಿನ ಪಕ್ಕದ ಮಣ್ಣಿನ ತುಂಡು ಜಾಗದಲ್ಲೇ ಸಂಪು, ಚೇಂಬರು, ಇಂಗುಗುಂಡಿ ಮೂರೂ ಇರುವುದು ನಮ್ಮ ಊರಿನಲ್ಲಿ ಮಾಮೂಲಿ. ಹಾಗಾಗಿ ಮೊದಲು ನಿಮ್ಮ ಹತ್ತಡಿಯಲ್ಲಿ ಏನೇನು ಹೂತಿದೆ ಎಂದು ಮನೆ ಕಟ್ಟಿದ ಮೇಸ್ತ್ರಿಯನ್ನೋ ಹಳೆಯ ನಕ್ಷೆಯನ್ನೋ ಕೇಳಿ ಗುರುತು ಮಾಡಿಕೊಳ್ಳಿ. ಇವು ಯಾವುದರಿಂದಲೂ ಐದಡಿ ದೂರ ಸಿಗದಿದ್ದರೆ ನೆಲಕ್ಕೆ ನೆಡುವ ಯೋಚನೆ ಬಿಡಿ, ಕೆಳಗೆ ಹೇಳುವ ಡ್ರಮ್ಮಿನ ಉಪಾಯಕ್ಕೆ ಹೋಗಿ.

ದೂರ ಸಿಕ್ಕಿತೆಂದುಕೊಳ್ಳೋಣ. ಬಾವಿಗೆ, ಇಂಗುಗುಂಡಿಗೆ ಇಳಿಸುವ ಸಿಮೆಂಟ್ ರಿಂಗ್ ನಿಮಗೆ ಗೊತ್ತೇ ಇರುತ್ತದೆ. ಹೊರವಲಯದ ಸಿಮೆಂಟ್ ಬ್ಲಾಕ್ ಮಾಡುವ ಅಂಗಳಗಳಲ್ಲೆಲ್ಲ ಸಿಗುತ್ತದೆ. ಎರಡಡಿ ಒಳವ್ಯಾಸದ, ಒಂದಡಿ ಎತ್ತರದ ಎರಡು ರಿಂಗ್ ತನ್ನಿ. ನಾಲ್ಕಡಿ ಪಟ್ಟಿಯ ನಡುಮಧ್ಯೆ ಗುಂಡಿ ತೋಡಿ ಒಂದರ ಮೇಲೊಂದು ಇಳಿಸಿ. ಭಾರವಿರುತ್ತದೆ, ಇಬ್ಬರು ಆಳು ಬೇಕು. ಎರಡು ರಿಂಗಿನ ನಡುವಿನ ಸಂದಿಗೆ ಸಿಮೆಂಟ್ ಗಾರೆಯನ್ನು ಒಳಗೂ ಹೊರಗೂ ಒತ್ತಿ ಮೆತ್ತಿಸಿ. ಜನ ಇದನ್ನೇ ಮರೆಯುತ್ತಾರೆ, ಗೆಡ್ಡೆ ಇಲ್ಲಿಂದಲೇ ಹೊರಬರುತ್ತದೆ. ಗಾರೆಗೆ ಒಂದು ವಾರ ನೀರು ಹಾಕಿ ಗಟ್ಟಿಯಾಗಲು ಬಿಡಿ. ಮೇಲಿನ ರಿಂಗು ನೆಲಮಟ್ಟದಿಂದ ಮೂರು ನಾಲ್ಕು ಇಂಚು ಎದ್ದು ನಿಂತಿರಬೇಕು. ಗೆಡ್ಡೆಗಳು ಹೆಚ್ಚಾಗಿ ಮೇಲಿನ ಒಂದಡಿ ಮಣ್ಣಿನಲ್ಲೇ ಓಡಾಡುತ್ತವೆ. ದಾರಿ ಕಟ್ಟಿದರೆ ಆಳಕ್ಕೆ ಇಳಿಯುವುದಕ್ಕಿಂತ ಮೇಲಿನಿಂದ ಹಾರಲು ನೋಡುತ್ತವೆ. ಅಂಚು ಎದ್ದಿದ್ದರೆ ಹಾರುವುದು ಕಣ್ಣಿಗೆ ಬೀಳುತ್ತದೆ. ತಳ ಮುಚ್ಚಬೇಡಿ, ನೀರು ಬಸಿಯಬೇಕು. ರಿಂಗಿನ ಹೊರಮೈಗೂ ಕಾಂಪೌಂಡಿಗೂ ನಡುವೆ ಮುಕ್ಕಾಲಡಿ ಜಾಗ ಉಳಿಯುತ್ತದಲ್ಲ, ಅಲ್ಲಿ ಬೇರೇನನ್ನೂ ನೆಡದೆ ಬರಿ ಜಲ್ಲಿಯೋ ಒಣಗಿದ ಎಲೆಯೋ ಹಾಕಿಡಿ. ಅದು ನಿಮ್ಮ ಕಾವಲು ಪಟ್ಟಿ. ಅಲ್ಲಿ ಚೂಪಾದ ಮೊಳಕೆ ಕಂಡಿತೋ, ಎಲ್ಲೋ ಸಂದಿ ಬಿಟ್ಟಿದೆ ಎಂದರ್ಥ. ಅವತ್ತೇ ಅಗೆದು ನೋಡಿ.

ರಿಂಗಿನ ಬದಲು ಎಚ್‌ಡಿಪಿಇ ಎಂಬ ದಪ್ಪ ಪ್ಲಾಸ್ಟಿಕ್ ಹಾಳೆಯನ್ನು ಸುತ್ತಿ ಹೂಳುವವರೂ ಇದ್ದಾರೆ. ಜೋಡಣೆಯ ಜಾಗದಲ್ಲಿ ಒಂದಡಿಯಾದರೂ ಒಂದರ ಮೇಲೊಂದು ಬರುವಂತೆ ಹಾಕಿ ಬಿಗಿಯದಿದ್ದರೆ ಅದು ಕೆಲಸಕ್ಕೆ ಬಾರದು. ತೆಳು ಟಾರ್ಪಾಲು, ಹಳೆಯ ಫ್ಲೆಕ್ಸ್ ಇಂಥವನ್ನು ಸೂಜಿಮೊನೆಯ ಗೆಡ್ಡೆ ಒಂದೇ ಮಳೆಗಾಲದಲ್ಲಿ ತೂತು ಮಾಡುತ್ತದೆ. ನನ್ನ ಮತ ರಿಂಗಿಗೇ.

ಡ್ರಮ್ಮಿನ ಉಪಾಯ: ನೀರು ತುಂಬಿಡುವ 200 ಲೀಟರಿನ ನೀಲಿ ಡ್ರಮ್ಮನ್ನು ಅಡ್ಡಕ್ಕೆ ಎರಡು ಹೋಳು ಮಾಡಿಸಿ. ತಳದಲ್ಲಿ ಐದಾರು ತೂತು ಬೇಕೇ ಬೇಕು. ಆದರೆ ಹೋಳನ್ನು ನೇರ ಮಣ್ಣಿನ ಮೇಲೆ ಇಡಬೇಡಿ. ತೂತಿನಿಂದ ಬೇರು ಇಳಿಯುತ್ತದೆ, ಬೇರಿನ ಹಿಂದೆ ಗೆಡ್ಡೆ ದಾರಿ ಹುಡುಕುತ್ತದೆ. ನಾಲ್ಕು ಇಟ್ಟಿಗೆಯ ಮೇಲೆ, ಕೆಳಗೆ ಬೆಳಕು ಕಾಣುವ ಹಾಗೆ ಇಡಿ. ಟೆರೇಸಿನ ಮೇಲೂ ಹೀಗೇ ಬೆಳೆಸಬಹುದು, ಗಾಳಿಗೆ ಬೀಳದ ಹಾಗೆ ಪ್ಯಾರಾಪೆಟ್ಟಿನ ಮರೆ ಇದ್ದರಾಯಿತು. ಡ್ರಮ್ಮಿನಲ್ಲಿ ಎತ್ತರ ನಾಲ್ಕೈದು ಅಡಿಗೆ ನಿಲ್ಲುತ್ತದೆ. ರಿಂಗಿನೊಳಗೆ ಆರರಿಂದ ಎಂಟಡಿ ಹೋಗಬಹುದು. ಪಟ್ಟೆ ತಳಿಗೆ ಹಸಿರು ಜೊಂಡಿನಷ್ಟು ಕಸುವಿಲ್ಲ. ಎಲೆಯ ಬಿಳಿ ಭಾಗದಲ್ಲಿ ಪತ್ರಹರಿತ್ತು ಇಲ್ಲ, ಆ ಭಾಗ ಅಡುಗೆ ಮಾಡದೆ ಊಟ ಮಾಡುತ್ತದೆ. ಮನೆಯಲ್ಲಿ ಸಾಕಲು ಅದು ಲಾಯಕ್ಕಾಗಿರುವುದು ಇದೇ ಕಾರಣಕ್ಕೆ.

ಪತ್ರಹರಿತ್ತಿನ ಮಾತು ಬಂದಿದ್ದರಿಂದ ಇನ್ನೊಂದು ಸಂಗತಿ ಹೇಳಲೇಬೇಕು. ಆಗಾಗ ಬುಡದಿಂದ ಒಂದು ಅಪ್ಪಟ ಹಸಿರು ಕುಡಿ, ಒಂದೂ ಪಟ್ಟೆ ಇಲ್ಲದ್ದು, ಎದ್ದು ಬರುತ್ತದೆ. ಚೆನ್ನಾಗಿ ಚಿಗುರಿದೆ ಎಂದು ಖುಷಿಪಡಬೇಡಿ. ಈ ಗಿಡದ ಮೈಯಲ್ಲಿ ಹಸಿರು ಕೋಶದ ಪದರವೂ ಬಿಳಿ ಕೋಶದ ಪದರವೂ ಒಟ್ಟಿಗೆ ಬದುಕುತ್ತಿರುತ್ತವೆ. ಕೆಲವೊಮ್ಮೆ ಹಸಿರು ಕೋಶಗಳಿಂದಷ್ಟೇ ಮೊಗ್ಗು ಹುಟ್ಟಿ, ಗಿಡ ಮೂಲಜಾತಿಯ ಗುಣಕ್ಕೆ ಮರಳುತ್ತದೆ. ಪೂರ್ತಿ ಹಸಿರಾಗಿರುವುದರಿಂದ ಅದು ಎರಡು ಪಟ್ಟು ವೇಗದಲ್ಲಿ ಬೆಳೆದು ಪಟ್ಟೆಯ ಕುಡಿಗಳನ್ನು ನೆರಳಿಗೆ ತಳ್ಳುತ್ತದೆ. ಮೂರು ವರ್ಷ ಸುಮ್ಮನೆ ಬಿಟ್ಟರೆ ನಿಮ್ಮಲ್ಲಿ ಪಟ್ಟೆಜೊಂಡೇ ಇರುವುದಿಲ್ಲ, ಇಪ್ಪತ್ತಡಿಯ ಹಸಿರು ಜೊಂಡಿರುತ್ತದೆ. ಕಂಡ ಕೂಡಲೇ, ಬರಿ ಕತ್ತರಿಸಿ ಬಿಡದೆ, ಬುಡದ ಗೆಡ್ಡೆಯ ತುಂಡಿನ ಸಮೇತ ಬಗೆದು ತೆಗೆಯಿರಿ. ಬಿಸಿಲು ಜೋರಾದ ತಿಂಗಳಲ್ಲಿ ಎಲ್ಲ ಎಲೆಗಳ ಬಿಳಿಯೂ ಸ್ವಲ್ಪ ಹಳದಿಗೆ, ಹಸಿರಿಗೆ ತಿರುಗುತ್ತದೆ, ಅದು ಬೇರೆ. ಅದಕ್ಕೆ ಗಾಬರಿ ಬೇಡ, ಹೊಸ ಚಿಗುರು ಬಿಳಿಯಾಗಿಯೇ ಬರುತ್ತದೆ.

ನೆಡುವ ಕಾಲ ಜೂನ್. ಬೆಂಗಳೂರಿನಲ್ಲಿ ಏಪ್ರಿಲ್–ಮೇ ತಿಂಗಳ ಗುಡುಗು ಮಳೆಗೆ ಮಣ್ಣು ಹದವಾಗಿರುತ್ತದೆ, ಆಮೇಲೆ ಮೋಡ ಕವಿದ ತಂಪು ದಿನಗಳು. ಸೆಪ್ಟೆಂಬರ್–ಅಕ್ಟೋಬರಿನ ದೊಡ್ಡ ಮಳೆ ಬರುವ ಹೊತ್ತಿಗೆ ಬೇರು ಕೂತಿರುತ್ತದೆ. ನಮ್ಮ ಕೆಂಪು ಮಣ್ಣು ಎರಡು ಪಾಲು, ಹಳೆಯ ಕೊಟ್ಟಿಗೆ ಗೊಬ್ಬರ ಒಂದು ಪಾಲು ಸಾಕು. ಮನೆ ಕಟ್ಟಿದ ಜಾಗವಾದ್ದರಿಂದ ಅಗೆದಾಗ ಜಲ್ಲಿ, ಗಾರೆಯ ಹೆಂಟೆ ಸಿಗುತ್ತದೆ, ದೊಡ್ಡವನ್ನಷ್ಟೇ ಆರಿಸಿ ತೆಗೆಯಿರಿ. ಯೂರಿಯಾ ಹಾಕಬೇಡಿ. ಅದು ಈ ಗಿಡಕ್ಕೆ ಬೇಕಿಲ್ಲ. ಹಾಕಿದರೆ ದಂಟು ಉದ್ದವಾಗಿ ಬಳುಕಿ ಮಗುಚುತ್ತದೆ. ಕವರು ಹರಿದು, ಬುಡ ಮೊದಲಿದ್ದಷ್ಟೇ ಆಳಕ್ಕೆ ಕೂರಿಸಿ ನೀರು ಕೊಡಿ. ಮೊದಲ ವರ್ಷ ಮೇಲೆ ಹೆಚ್ಚೇನೂ ಕಾಣದು. ಕೆಳಗೆ ಗೆಡ್ಡೆ ಕಟ್ಟುತ್ತಿರುತ್ತದೆ. ಬೆಳೆಯುತ್ತಿಲ್ಲ, ರಿಂಗು ಇಕ್ಕಟ್ಟಾಯಿತು ಎಂದು ಹೊರಗೆ ನೆಲಕ್ಕೆ ಬದಲಿಸಿದವರನ್ನು ನಾನು ನೋಡಿದ್ದೇನೆ. ನನ್ನ ಹಾಗೆಯೇ ಮೂರನೆಯ ವರ್ಷ ಸಲಿಕೆ ಹಿಡಿದರು.

ಬಿಸಿಲು ದಿನಕ್ಕೆ ಐದಾರು ಗಂಟೆ ಬೇಕು. ಎದುರು ನಾಲ್ಕಂತಸ್ತಿನ ಮನೆ ಎದ್ದು ನೆರಳಾದರೆ ಗಿಡ ಸಾಯುವುದಿಲ್ಲ, ಸೊರಗಿ ಬಾಗುತ್ತದೆ, ಪಟ್ಟೆ ಮಂಕಾಗುತ್ತದೆ.

ನೀರಿನ ವಿಷಯದಲ್ಲಿ ಇದು ನಮ್ಮ ಊರಿಗೆ ಹೇಳಿ ಮಾಡಿಸಿದ್ದು. 2024ರ ಮಾರ್ಚಿನಲ್ಲಿ ಕುಡಿಯುವ ನೀರನ್ನು ಗಿಡಗಳಿಗೆ ಹಾಕಬಾರದು, ಹಾಕಿದರೆ 5,000 ರೂಪಾಯಿ ದಂಡ ಎಂದು ಜಲಮಂಡಳಿ ಆದೇಶಿಸಿದ್ದು ನಿಮಗೂ ನೆನಪಿರಬೇಕು. ಆ ಬೇಸಿಗೆಯಲ್ಲಿ ಎಷ್ಟೋ ಮನೆಗಳ ಲಾನು ಒಣಗಿತು. ಪಟ್ಟೆಜೊಂಡಿಗೆ ಆರ್‌ಒ ಯಂತ್ರದಿಂದ ಹೊರಬೀಳುವ ಉಪ್ಪುನೀರು ನಡೆಯುತ್ತದೆ. ಅಕ್ಕಿ ತರಕಾರಿ ತೊಳೆದ ನೀರು, ಗಡಸು ಬೋರ್‌ವೆಲ್ ನೀರು ಕೂಡ ಆದೀತು. ಗುಲಾಬಿ, ದಾಸವಾಳಕ್ಕೆ ಹಾಕಲು ಹಿಂಜರಿಯುವ ನೀರನ್ನು ಇದಕ್ಕೆ ಹಾಕಿ. ಬೇಸಿಗೆಯಲ್ಲಿ ವಾರಕ್ಕೆ ಎರಡು ಬಕೆಟ್, ಮಳೆಗಾಲದಲ್ಲಿ ಏನೂ ಬೇಡ. ಡ್ರಮ್ಮಿನದಕ್ಕೆ ಮಾತ್ರ ಬೇಸಿಗೆಯಲ್ಲಿ ದಿನ ಬಿಟ್ಟು ದಿನ ಕೊಡಬೇಕಾಗುತ್ತದೆ.

ವರ್ಷಕ್ಕೊಮ್ಮೆ, ಶಿವರಾತ್ರಿ ಕಳೆದು ಯುಗಾದಿ ಬರುವುದರೊಳಗೆ, ಎಲ್ಲ ದಂಟನ್ನೂ ನೆಲದಿಂದ ಅರ್ಧ ಅಡಿ ಬಿಟ್ಟು ಕತ್ತರಿಸಿ. ಈ ಹುಲ್ಲಿನ ಅತ್ಯಂತ ಚೆಂದದ ಎಲೆ ಹೊಸ ದಂಟಿನಲ್ಲಿರುವುದು. ಹಳೆಯ ದಂಟು ಎರಡನೆಯ ವರ್ಷ ಅಲ್ಲಲ್ಲಿ ಕವಲೊಡೆದು ಕಸದಂತೆ ಕಾಣುತ್ತದೆ. ಏಪ್ರಿಲಿನ ಮೊದಲ ಮಳೆಗೆ ಕೆನೆಬಿಳಿಯ ಕುಡಿಗಳು ಬುಡದಿಂದ ಒಟ್ಟಿಗೆ ಏಳುವುದನ್ನು ನೋಡಬೇಕು. ಆ ಒಂದು ವಾರಕ್ಕಾಗಿಯೇ ನಾನು ಇದನ್ನು ಇನ್ನೂ ಸಾಕುತ್ತಿದ್ದೇನೆ. ಕತ್ತರಿಸುವಾಗ ತುಂಬುತೋಳಿನ ಅಂಗಿ, ಕೈಗವಸು ಇರಲಿ, ಎಲೆಯಂಚು ಕೊಯ್ಯುತ್ತದೆ. ಎರಡು ಮೂರು ವರ್ಷಕ್ಕೊಮ್ಮೆ ಜೂನಿನಲ್ಲಿ ರಿಂಗಿನೊಳಗಿನ ಗೆಡ್ಡೆಯನ್ನು ಸಲಿಕೆಯಿಂದ ನಾಲ್ಕು ಭಾಗ ಮಾಡಿ, ಮೂರನ್ನು ತೆಗೆದು ಹೊಸ ಮಣ್ಣು ತುಂಬಿ. ಒಂದು ಭಾಗ ಸಾಕು, ಮತ್ತೆ ತುಂಬಿಕೊಳ್ಳುತ್ತದೆ. ಗರಿಯ ಸಂದಿಯಲ್ಲಿ ಹಿಟ್ಟು ತಿಗಣೆ ಕಂಡರೆ ನೀರಿನಿಂದ ಜೋರಾಗಿ ತೊಳೆದು ಬೇವಿನೆಣ್ಣೆ ಸಿಂಪಡಿಸಿ.

ಈಗ ನನ್ನ ಮನಸ್ಸಿಗೆ ಎಲ್ಲಕ್ಕಿಂತ ಹತ್ತಿರದ ವಿಷಯ. ಕತ್ತರಿಸಿದ ದಂಟು, ತೆಗೆದ ಗೆಡ್ಡೆ ಎಲ್ಲಿಗೆ ಹೋಗುತ್ತದೆ? ನಮ್ಮಲ್ಲಿ ತೋಟದ ಕಸವನ್ನು ಪಕ್ಕದ ಖಾಲಿ ಸೈಟಿಗೆ ಎಸೆಯುವುದು, ಮೋರಿಯ ಅಂಚಿಗೆ ತಳ್ಳುವುದು ರೂಢಿ. ಬನಶಂಕರಿ 3ನೇ ಹಂತದ ಮಳೆನೀರು ರಾಜಕಾಲುವೆ ಹಿಡಿದು ವೃಷಭಾವತಿಗೆ ಸೇರುತ್ತದೆ. ವೃಷಭಾವತಿ ಅರ್ಕಾವತಿಗೆ, ಅರ್ಕಾವತಿ ಸಂಗಮದಲ್ಲಿ ಕಾವೇರಿಗೆ. ನೀವು ಎಸೆದ ಒಂದು ಗಿಣ್ಣಿನ ತುಂಡಿಗೆ ಆ ದಾರಿಯುದ್ದಕ್ಕೂ ಬೇರೂರಲು ಬೇಕಾದ ಕೆಸರು, ಬಿಸಿಲು, ನೀರು ಎಲ್ಲ ಇದೆ. ಅಂತರಗಂಗೆಯನ್ನು ಅದರ ನೇರಳೆ ಹೂವಿನ ಚೆಂದಕ್ಕೆ ತಂದರು. ಲಂಟಾನವೂ ತೋಟದ ಅಲಂಕಾರಕ್ಕೆಂದೇ ಬಂದದ್ದು. ಇವತ್ತು ನಮ್ಮ ಕೆರೆಗಳೂ ಬಂಡೀಪುರ, ಬಿಳಿಗಿರಿರಂಗನ ಬೆಟ್ಟದ ಕಾಡೂ ಯಾವ ಸ್ಥಿತಿಯಲ್ಲಿವೆ ಎಂದು ನೋಡಿದವರಿಗೆ ನಾನು ಹೆಚ್ಚು ಹೇಳಬೇಕಿಲ್ಲ. ಹಾಗಾಗಿ ಕತ್ತರಿಸಿದ್ದನ್ನೆಲ್ಲ ಟೆರೇಸಿನ ಮೇಲೆ ಹರಡಿ, ಮೂರು ನಾಲ್ಕು ವಾರ ಬಿಸಿಲಿಗೆ ಬಿಡಿ. ಕತ್ತರಿಸುವುದು ಬೇಸಿಗೆಯ ಬಾಗಿಲಲ್ಲಾದ್ದರಿಂದ ಒಣಗಲು ತಡವಾಗದು. ಮುರಿದರೆ ಚಟ್ಟೆಂದು ಸದ್ದಾಗಬೇಕು. ಆಮೇಲೆ ಕುಂಡಗಳಿಗೆ ಮುಚ್ಚಿಗೆಯಾಗಿ ಹಾಕಿ, ಒಣದಂಟು ಟೊಮೆಟೊ, ಹುರುಳಿಕಾಯಿ ಬಳ್ಳಿಗೆ ಒಳ್ಳೆಯ ಊರುಗೋಲಾಗುತ್ತದೆ. ಹಸಿಯಿದ್ದಾಗ ಊರಿದರೆ ಅದೇ ಗಿಡವಾಗುತ್ತದೆ, ನೆನಪಿರಲಿ. ಜೂನಿನಲ್ಲಿ ತೆಗೆದ ಗೆಡ್ಡೆಯನ್ನು ಮಾತ್ರ ಮಳೆಗೆ ಬಿಡದೆ, ಕಪ್ಪು ಪ್ಲಾಸ್ಟಿಕ್ ಚೀಲಕ್ಕೆ ಕಟ್ಟಿ ಬಿಸಿಲು ಬೀಳುವಲ್ಲಿ ಎರಡು ಮೂರು ತಿಂಗಳು ಇಟ್ಟು, ಪೂರ್ತಿ ಕೊಳೆತ ಮೇಲೆ ಗೊಬ್ಬರದ ಗುಂಡಿಗೆ ಸೇರಿಸಿ. ಒಣದಂಟಿನ ರಾಶಿ ಬೇಗ ಹೊತ್ತಿಕೊಳ್ಳುತ್ತದೆ. ದೀಪಾವಳಿಗೆ ಮುಂಚೆ ಟೆರೇಸು ಖಾಲಿ ಇರಲಿ.

ಹಾವಿನ ಮಾತು: ಹಾವು ಹುಲ್ಲಿಗೆ ಬರುವುದಿಲ್ಲ, ಇಲಿಗೆ ಬರುತ್ತದೆ. ಬುಡದಲ್ಲಿ ಒಣಗರಿ ಕಟ್ಟಿ, ಪಕ್ಕದಲ್ಲಿ ಕಸದ ಬುಟ್ಟಿ ಇದ್ದರೆ ಇಲಿ ಮನೆ ಮಾಡುತ್ತದೆ, ಹಿಂದೆಯೇ ಕೇರೆ ಹಾವು ಬರಬಹುದು. ತಿಂಗಳಿಗೊಮ್ಮೆ ಬುಡದ ಒಣಗರಿ ಕಿತ್ತು, ದಂಟುಗಳ ನಡುವೆ ಬೆಳಕಾಡುವಂತೆ ಇಟ್ಟರೆ ಆ ಭಯವಿಲ್ಲ.

ಗುಲಾಬಿ ತೆನೆಯ ಹುಲ್ಲಿಗೆ ಬರುತ್ತೇನೆ. ಅದು ಫೌಂಟನ್ ಗ್ರಾಸ್, ಪೆನ್ನಿಸೆಟಮ್ ಸೆಟೇಸಿಯಮ್. ಆಫ್ರಿಕ ಮತ್ತು ಪಶ್ಚಿಮ ಏಷ್ಯದ್ದು. ಸಂಜೆ ಬಿಸಿಲಿಗೆ ಅದರ ತೆನೆ ಹೊಳೆಯುವುದು ನನಗೂ ಇಷ್ಟ. ಆದರೆ ಅದು ಪರಾಗಸ್ಪರ್ಶವೇ ಇಲ್ಲದೆ ಬೀಜ ಕಟ್ಟಬಲ್ಲದು. ಒಂದೇ ಗಿಡ ಸಾಕು, ಬುಡವೊಂದಕ್ಕೆ ಸಾವಿರಾರು ಬೀಜ, ಪ್ರತಿ ಬೀಜಕ್ಕೂ ಗಾಳಿಯಲ್ಲಿ ತೇಲಲು ರೋಮ. ಹವಾಯಿಯಲ್ಲಿ ಅಲಂಕಾರಕ್ಕೆಂದು ತಂದದ್ದು ಒಣ ಲಾವಾ ಬಯಲನ್ನೆಲ್ಲ ಆವರಿಸಿ, ಹಿಂದೆ ಬೆಂಕಿಯೇ ಅಪರೂಪವಾಗಿದ್ದ ಕಾಡಿಗೆ ಬೆಂಕಿ ತಂದಿತು. ಯುರೋಪಿಯನ್ ಒಕ್ಕೂಟ 2017ರಲ್ಲಿ ಇದನ್ನು ಆಕ್ರಮಣಕಾರಿ ಜಾತಿಗಳ ಪಟ್ಟಿಗೆ ಸೇರಿಸಿತು. ಪಟ್ಟಿಯಲ್ಲಿದ್ದರೆ ಅಲ್ಲಿ ಮಾರುವುದೂ ಬೆಳೆಸುವುದೂ ನಿಷಿದ್ಧ. ನಮ್ಮ ಪಕ್ಕದಲ್ಲೇ ಹೆಸರಘಟ್ಟದ ಹುಲ್ಲುಗಾವಲಿದೆ. ಬೆಂಗಳೂರಿನ ಬುಡದಲ್ಲಿ ಉಳಿದಿರುವ ಅಂಥ ಬಯಲು ಅದೊಂದೇ ಎನ್ನಬೇಕು. ನೆಲಕ್ಕೆ ಗೂಡು ಕಟ್ಟುವ ಹಕ್ಕಿಗಳೂ, ಚಳಿಗಾಲಕ್ಕೆ ವಲಸೆ ಬರುವ ಸೆಳೆವ (ಹ್ಯಾರಿಯರ್) ಎಂಬ ಬೇಟೆಹಕ್ಕಿಗಳೂ ಅದನ್ನೇ ನಂಬಿವೆ. ಜನ ವರ್ಷಗಟ್ಟಲೆ ಹೋರಾಡಿ ಉಳಿಸಿಕೊಂಡ ಜಾಗಕ್ಕೆ ನಮ್ಮ ಗೇಟಿನ ಅಂದಕ್ಕಾಗಿ ಬೀಜ ತೂರುವುದು ನನಗೆ ಒಪ್ಪಿಗೆಯಿಲ್ಲ.

ತೆನೆಯೇ ಬೇಕೆಂದರೆ ಕಡುಗೆಂಪು ಎಲೆಯ ‘ರೂಬ್ರಮ್’ ತಳಿ ಇದೆ. ಅದು ಬೀಜ ಕಟ್ಟುವುದು ತೀರ ಅಪರೂಪ, ಗೆಡ್ಡೆಯೂ ಓಡುವುದಿಲ್ಲ, ಒಂದೇ ಬುಡವಾಗಿ ನಿಲ್ಲುತ್ತದೆ. ಕೊಳ್ಳುವಾಗ ಚೀಟಿ ನೋಡಬೇಡಿ, ಎಲೆ ನೋಡಿ. ಬೀಟ್ರೂಟಿನ ಬಣ್ಣವಿದ್ದರೆ ತನ್ನಿ. ಎಲೆ ಹಸಿರಾಗಿದ್ದು ತೆನೆ ಮಾತ್ರ ಗುಲಾಬಿಯಾಗಿದ್ದರೆ ಬಿಟ್ಟು ಬನ್ನಿ. ಪಟ್ಟೆಜೊಂಡಿನ ಬಿಳಿಯ ಮುಂದೆ ಆ ಕಡುಗೆಂಪು ಚೆನ್ನಾಗಿಯೂ ಒಪ್ಪುತ್ತದೆ. ರಿಂಗಿನಿಂದ ಮೂರಡಿ ಆಚೆ, ಬಿಸಿಲಿಗೆ ಎರಡು ಬುಡ ಹಾಕಿ.

ತಂಗಿಯ ತೋಟಕ್ಕೆ ಪಟ್ಟೆಜೊಂಡು ಬೇಡ. ಹಳ್ಳದ ಪಕ್ಕ ಎಂದಿರಲ್ಲ, ಅದೊಂದೇ ಸಾಕು. ಹಾಸನದ ಕಡೆಯ ಮುಂಗಾರಿಗೆ ಹಳ್ಳ ತುಂಬಿ ಬದು ಕೊರೆದರೆ ಗೆಡ್ಡೆ ಸಮೇತ ಕೊಚ್ಚಿಕೊಂಡು ಹೋಗುತ್ತದೆ, ಕೆಳಗಿನ ಗದ್ದೆಯವರು ಅನುಭವಿಸಬೇಕಾಗುತ್ತದೆ. ಅವರಿಗೆ ಲಾವಂಚ ಕಳಿಸಿ. ಲಾವಂಚದ ಬೇರು ಅಡ್ಡಕ್ಕೆ ಓಡುವುದಿಲ್ಲ, ನೆಟ್ಟಗೆ ಹತ್ತಡಿಯವರೆಗೂ ಇಳಿದು ಬದುವಿನ ಮಣ್ಣನ್ನು ಹಿಡಿದು ನಿಲ್ಲುತ್ತದೆ. ನಮ್ಮ ದಕ್ಷಿಣದ ಬೇಸಾಯದ ತಳಿ ಮೊಳೆಯುವ ಬೀಜ ಕಟ್ಟುವುದಿಲ್ಲ. ನಾಲ್ಕೈದು ಅಡಿಯ ಗರಿ, ಮಳೆಗಾಲದ ಕೊನೆಗೆ ನೇರಳೆ ಛಾಯೆಯ ತೆನೆ, ನೋಡಲೂ ಕಡಿಮೆಯಿಲ್ಲ. ಒಂದೊಂದು ಬುಡವನ್ನು ಎರಡು ಮೂರು ಕುಡಿಯ ಹಿಳ್ಳುಗಳಾಗಿ ಒಡೆದು, ಅರ್ಧ ಅಡಿಗೊಂದರಂತೆ ಹಳ್ಳದ ದಂಡೆಯುದ್ದಕ್ಕೂ ಸಾಲಾಗಿ ನೆಡಲು ಹೇಳಿ. ಮೊದಲ ಮಳೆ ಬಿದ್ದ ವಾರದಲ್ಲೇ ಆಗಲಿ. ಒಂದೂವರೆ ವರ್ಷ ಕಳೆದ ಮೇಲೆ ದಂಡೆಯದನ್ನು ಮುಟ್ಟದೆ, ಮನೆಯಂಗಳದಲ್ಲಿ ಬೇರೆಯಾಗಿ ನೆಟ್ಟ ಒಂದು ಬುಡವನ್ನು ಅಗೆದರೆ, ಹೂಜಿಯ ನೀರಿಗೆ ಹಾಕುವಷ್ಟು ಬೇರು ಸಿಗುತ್ತದೆ.